ಅತ್ತಿಗೆಗೆ ಹೇಳದೆ ಇಟ್ಟುಕೊಂಡ ವರದಿ

ಅಣ್ಣ ಮದುವೆಯಾದದ್ದು ನಲವತ್ತು ತುಂಬಿದ ಮೇಲೆ. ಅದಕ್ಕೆ ಕಾರಣ ನಾನು. ಅಪ್ಪ ತೀರಿಕೊಂಡಾಗ ನಾನಿನ್ನೂ ಪಿಯುಸಿ ಓದುತ್ತಿದ್ದೆ. ನಂಜನಗೂಡಿನ ಬಜಾರಿನ ಹಿಂದಿನ ಬೀದಿಯಲ್ಲಿ ಅಣ್ಣನದು ಮೋಟಾರ್ ರೀವೈಂಡಿಂಗ್ ಅಂಗಡಿ. ಹುಲ್ಲಹಳ್ಳಿ, ದೇವನೂರು ಕಡೆಯ ರೈತರು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಆಟೋದಲ್ಲಿ ಹಾಕಿಕೊಂಡು ಬಂದು ಅವನ ಮುಂದೆ ಇಳಿಸುತ್ತಿದ್ದರು. ಅವನು ಕರಕಲಾದ ತಂತಿಯನ್ನು ಕಿತ್ತು ತೆಗೆದು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಬಳಿದು ಬಿಸಿಲಿಗೆ ಇಡುತ್ತಿದ್ದ. ಹೆಣ್ಣಿನ ವಿಷಯ ಎತ್ತಿಕೊಂಡು ಬಂದವರಿಗೆಲ್ಲ ಒಂದೇ ಮಾತು. "ತಂಗಿ ಓದು ಮುಗೀಲಿ, ಅವ್ಳ ಮದ್ವೆ ಆಗ್ಲಿ. ಆಮೇಲೆ ನೋಡಾನ."

ನನ್ನ ಓದು ಬೇಗ ಮುಗಿಯುವಂಥದ್ದಾಗಿರಲಿಲ್ಲ. ಬಿ.ಎಸ್ಸಿ., ಎಂ.ಎಸ್ಸಿ. ಆದ ಮೇಲೆ ಮೈಸೂರಿನಲ್ಲಿ ಸಂಶೋಧನೆಗೆ ಸೇರಿದೆ. ಮೂರು ವರ್ಷ ಬೆಳಗಿನ ರೈಲು ಹಿಡಿದು ಹೋಗಿ ಕೋಳಿಮೊಟ್ಟೆಗಳ ಮುಂದೆ ಕೂತೆ. ಕಾವಿಗಿಟ್ಟ ಮೊಟ್ಟೆಯ ಚಿಪ್ಪಿಗೆ ಬೆರಳುಗುರಿನಷ್ಟು ಕಿಟಕಿ ಕೊರೆದು ಒಳಗೆ ನೋಡುವುದು ನನ್ನ ಕೆಲಸ. ಮೂರನೆಯ ದಿನದ ಭ್ರೂಣದ ಪಕ್ಕದಲ್ಲಿ ರೆಕ್ಕೆಗೂ ಕಾಲಿಗೂ ಸಣ್ಣ ಮೊಗ್ಗುಗಳು ಏಳುತ್ತವೆ. ಅಲ್ಲಿನ ಜೀವಕೋಶಗಳು ಒಂದಕ್ಕೊಂದು 'ಬೆಳೆ' ಎಂದು ಸುದ್ದಿ ಕಳಿಸಿಕೊಳ್ಳುತ್ತವೆ. ಆ ಸುದ್ದಿ ಹೊತ್ತೊಯ್ಯುವ ಪ್ರೋಟೀನುಗಳನ್ನು ಗ್ರೋತ್ ಫ್ಯಾಕ್ಟರ್ ಎನ್ನುತ್ತಾರೆ. ಅದರಲ್ಲಿ ನೆನೆಸಿದ ಸಾಸಿವೆಗಿಂತ ಚಿಕ್ಕ ಮಣಿಯೊಂದನ್ನು ಬೇರೆ ಜಾಗದಲ್ಲಿ ಇಟ್ಟರೆ ಅಲ್ಲೂ ಒಂದು ಕಾಲು ಮೊಳೆಯುತ್ತದೆ. ಮೊದಲ ಸಲ ಅದನ್ನು ಕಂಡಾಗ ನನಗೆ ಖುಷಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಬೆಳೆಯುವುದು ಇಷ್ಟು ಸುಲಭವಾದರೆ, ನಿಲ್ಲುವುದು ಹೇಗೆ? ಆ ಮೂರು ವರ್ಷ ನಾನು ಓದಿದ್ದೆಲ್ಲ ನಿಲ್ಲಿಸುವುದರ ಬಗ್ಗೆಯೇ. ಪ್ರಬಂಧ ಮಾತ್ರ ಮುಗಿಯಲಿಲ್ಲ. ಮೂವತ್ತಕ್ಕೆ ನಂಜನಗೂಡಿನಲ್ಲೇ ನನ್ನ ಮದುವೆಯಾಯಿತು. ಮರುವರ್ಷ ಅಣ್ಣನದು. ಅಷ್ಟರಲ್ಲಿ ಅವನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು.

ಅತ್ತಿಗೆ ಟಿ. ನರಸೀಪುರದವರು. ನನಗಿಂತ ಏಳು ವರ್ಷ ಚಿಕ್ಕವರು, ಆದರೂ ನಾನು ಅವರನ್ನು ಅತ್ತಿಗೆ ಎಂದೇ ಕರೆಯುತ್ತಿದ್ದೆ, ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ಗಟ್ಟಿಯಾಗಿ ನಗುವ ಹುಡುಗಿ. ಅವ್ವನಿಗೆ ಆ ನಗು ಹಿಡಿಸುತ್ತಿರಲಿಲ್ಲ. ಆದರೂ ಬಸುರಿಯಾದಾಗ ಅವ್ವನೇ ದಿನಾ ಕೂರಿಸಿ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮೂರನೆಯ ತಿಂಗಳಲ್ಲಿ ಅತ್ತಿಗೆಗೆ ಜ್ವರ ಬಂತು. ಅಣ್ಣ ಡಾಕ್ಟರಿಗೆ ತೋರಿಸಿ ಮಾತ್ರೆ ತಂದುಕೊಟ್ಟ. ಮೂರು ದಿನಕ್ಕೆ ವಾಸಿಯಾಯಿತು. ಅದನ್ನು ಆಗ ಯಾರೂ ದೊಡ್ಡದು ಮಾಡಲಿಲ್ಲ.

ಎಂಟನೆಯ ತಿಂಗಳ ಸ್ಕ್ಯಾನಿಂಗ್‌ನಲ್ಲಿ ತೊಡೆಯ ಮೂಳೆ ಗಿಡ್ಡವಿದೆ ಎಂದರು. ಹುಟ್ಟಿದ ಮೇಲೆ ಎಕ್ಸ್‌ರೇ ತೆಗೆದರು. ಹೆಣ್ಣುಮಗು. ಅಗಲವಾದ ಹಣೆ, ಗಿಡ್ಡ ತೋಳು, ಮಡಿಕೆ ಮಡಿಕೆಯಾದ ತೊಡೆ, ಬಿಟ್ಟ ಕಣ್ಣು ಬಿಟ್ಟಂತೆ ನೋಡುವ ಮಗು. ಇವಳು ಎತ್ತರ ಬೆಳೆಯುವುದಿಲ್ಲ, ಉಳಿದ ಹಾಗೆ ಆರೋಗ್ಯವಾಗಿದ್ದಾಳೆ ಎಂದು ಡಾಕ್ಟರು ಹೇಳಿ, ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಅತ್ತಿಗೆ ಬಾಣಂತನಕ್ಕೆ ನರಸೀಪುರಕ್ಕೆ ಹೋದರು.

ಒಂದೂವರೆ ತಿಂಗಳಿಗೆ ವರದಿ ಬಂತು. ಅಣ್ಣ ಅಂದ, "ನಂಗೆ ಅವ್ರು ಹೇಳೋದು ಅರ್ಥ ಆಗಲ್ಲ. ನೀನೇ ಓಗಿ ಈಸ್ಕೊಂಡು ಬಾ."

ಮೈಸೂರಿನ ಆ ಡಾಕ್ಟರು ನನ್ನ ವಯಸ್ಸಿನವರೇ. ನಾನು ಏನು ಓದಿದವಳು ಎಂದು ಗೊತ್ತಾದ ಮೇಲೆ ಮನಸ್ಸು ಬಿಚ್ಚಿ ಮಾತಾಡಿದರು.

"ಮೂಳೆ ಬೆಳೆಯೋ ಜಾಗದಲ್ಲಿ ಜೀವಕೋಶದ ಮೈಮೇಲೆ ಸುದ್ದಿ ಹಿಡ್ಕೊಳ್ಳೋ ಒಂದು ಗ್ರಾಹಕ, ರಿಸೆಪ್ಟರ್, ಇರುತ್ತಲ್ಲ, ನೀವು ಓದಿರ್ತೀರಿ. ಹೊರಗಿನಿಂದ ಗ್ರೋತ್ ಫ್ಯಾಕ್ಟರ್ ಬಂದು ಕೂತಾಗ ಅದು ಒಳಗೆ 'ಇನ್ನು ನಿಧಾನ' ಅಂತ ಹೇಳುತ್ತೆ. ಹೇಳಿದ ಮೇಲೆ ಜೀವಕೋಶ ಆ ಗ್ರಾಹಕವನ್ನ ಒಳಗೆಳ್ಕೊಂಡು ಕರಗಿಸಿಬಿಡಬೇಕು. ಈ ಮಗುವಲ್ಲಿ ಅದು ಸರಿಯಾಗಿ ಕರಗ್ತಿಲ್ಲ. ಬಂದ ಸುದ್ದಿಯನ್ನ ಬೇಕಾದ್ದಕ್ಕಿಂತ ಜೋರಾಗಿ ಹೇಳುತ್ತೆ, ಸುದ್ದಿ ಬರದೇ ಇದ್ದಾಗಲೂ ಹೇಳುತ್ತೆ. ಇಡೀ ಜೀನ್‌ನಲ್ಲಿ ಒಂದಕ್ಷರ ಬದಲಾಗಿದೆ, ಅಷ್ಟೇ."

"ಗ್ರೋತ್ ಫ್ಯಾಕ್ಟರ್ ಅಂದ್ರೆ ಬೆಳೆಸೋದು ಅಂತಲೇ ಜನ ತಿಳ್ಕೊಂಡಿರ್ತಾರೆ," ಎಂದೆ.

"ಹೌದು. ಇಲ್ಲಿ ಅದೇ ತಡೆಯೋದು."

"ತಾಯಿಗೆ ಮೂರನೇ ತಿಂಗಳಲ್ಲಿ ಜ್ವರ ಬಂದಿತ್ತು. ಮಾತ್ರೆ ತಗೊಂಡಿದ್ರು."

"ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬಸಿರು ನಿಲ್ಲೋ ಮುಂಚೆಯೇ ಆಗಿರೋ ಬದಲಾವಣೆ ಇದು. ಹೀಗೆ ಹೊಸದಾಗಿ ಆಗೋದು ಹೆಚ್ಚಾಗಿ ತಂದೆಯ ವೀರ್ಯದಲ್ಲಿ. ತಂದೆಗೆ ವಯಸ್ಸಾದ ಹಾಗೆ ಸಾಧ್ಯತೆ ಸ್ವಲ್ಪ ಹೆಚ್ಚುತ್ತೆ. ಹಾಗಂತ ಅವರ ತಪ್ಪೂ ಅಲ್ಲ. ಯಾರ ತಪ್ಪೂ ಅಲ್ಲ. ಮನೆಯವರಿಗೆ ಇದನ್ನ ಬಿಡಿಸಿ ಹೇಳಿ. ಸಾಮಾನ್ಯವಾಗಿ ತಾಯಿ ಮೇಲೆ ಹಾಕ್ತಾರೆ."

ಹೇಳುತ್ತೇನೆ ಎಂದೆ. ಫೈಲು ತೆಗೆದುಕೊಂಡು ಬಸ್ಸಿಗೆ ಬಂದೆ.

ಮನೆಯಲ್ಲಿ ಅವ್ವ ಬಾಗಿಲಲ್ಲೇ ಕೂತಿದ್ದಳು. ಅಣ್ಣ ಅಂಗಡಿಯಿಂದ ಊಟಕ್ಕೆ ಬಂದವನು ಕೈ ತೊಳೆಯದೆ ನಿಂತಿದ್ದ. ಅವನ ಉಗುರಿನ ಸಂದಿಯಲ್ಲಿ ವಾರ್ನಿಷ್ ಮೆತ್ತಿಕೊಂಡಿತ್ತು.

"ಏನಂದ್ರವ್ವ?" ಎಂದಳು ಅವ್ವ.

"ಮೂಳೆ ಬೆಳೆಯೋದ್ರಲ್ಲಿ ಒಂದು ವ್ಯತ್ಯಾಸ ಆಗಿದೆ. ಔಷಧಿಯಿಂದ ಸರಿ ಹೋಗೋದಲ್ಲ."

"ಅದು ಯಾರ್ ಕಡೆಯಿಂದ ಬಂದದ್ದಂತೆ? ನಮ್ ಕಡೆ ಇಂಥದ್ದು ಯಾರ್ಗೂ ಇಲ್ಲ."

ನಾನು ಅಣ್ಣನ ಮುಖ ನೋಡಿದೆ. ಅವನಿಗೆ ವಯಸ್ಸಾಗಿದ್ದು ನನ್ನಿಂದ. ನನಗೆ ಈ ವಿಷಯ ಅರ್ಥವಾಗಿದ್ದೂ ಅವನು ಓದಿಸಿದ್ದರಿಂದ. ಆ ಓದನ್ನು ಹಿಡಿದುಕೊಂಡು ಅವನ ಎದುರಿಗೇ, ಅವ್ವನ ಮುಂದೆ, ಇದು ನಿನ್ನಿಂದ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

"ಯಾರ ತಪ್ಪೂ ಅಲ್ಲವಂತೆ," ಎಂದೆ.

"ತಪ್ಪಿಲ್ದೆ ಆಯ್ತದಾ? ಆ ಮಾತ್ರೆ ನುಂಗ್ದಾಗ್ಲೇ ನಂಗೆ ಅನ್ನಿಸ್ತು," ಎಂದಳು ಅವ್ವ.

ಆಗ ಹೇಳಬಹುದಿತ್ತು. ಅಣ್ಣನ ಕಡೆಯದು ಎಂದು ಹೇಳದಿದ್ದರೂ, ಮಾತ್ರೆಯಿಂದಲ್ಲ ಎಂದಾದರೂ ಹೇಳಬಹುದಿತ್ತು. ಅಷ್ಟು ಹೇಳಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು, ಹಾಗಾದರೆ ಯಾತರಿಂದ ಎಂದು. ಆ ಪ್ರಶ್ನೆ ಬರದಿರಲಿ ಎಂದು ಮಾತ್ರೆಯನ್ನು ಹಾಗೇ ಬಿಟ್ಟೆ. ಅಣ್ಣ ಫೈಲನ್ನು ಬೀರುವಿನಲ್ಲಿಟ್ಟು ಊಟಕ್ಕೆ ಕೂತ.

ಎರಡು ದಿನ ಬಿಟ್ಟು ಅತ್ತಿಗೆ ಫೋನ್ ಮಾಡಿದರು. ಹಿಂದೆ ಮಗು ಅಳುವುದು ಕೇಳಿಸುತ್ತಿತ್ತು.

"ಅಕ್ಕಾ, ಅತ್ತೆ ನಮ್ಮಮ್ಮಂಗೆ ಫೋನ್ ಮಾಡಿದ್ರು. ಆ ಜ್ವರದ ಮಾತ್ರೆಯಿಂದ ಹಿಂಗಾಯ್ತು ಅಂದ್ರಂತೆ. ನೀವು ಓದಿದ್ದೀರಲ್ಲ, ನೀವೇ ವರದಿ ತಂದ್ರಂತಲ್ಲ. ಹೌದಾ ಅಕ್ಕ?"

"ಅದನ್ನೆಲ್ಲ ಈಗ ಯೋಚ್ನೆ ಮಾಡ್ಬೇಡಿ ಅತ್ತಿಗೆ. ಮಗೂನ ನೋಡ್ಕೊಳ್ಳಿ," ಎಂದೆ.

ಅವರು "ಸರಿ ಅಕ್ಕ" ಎಂದು ಇಟ್ಟರು.

ಬಾಣಂತನ ಮುಗಿಸಿದವರನ್ನು ಕರೆದುಕೊಂಡು ಬರಲು ಯಾರೂ ಹೋಗಲಿಲ್ಲ. ಆಷಾಢ ಕಳೆಯಲಿ ಎಂದರು. ಆಮೇಲೆ ಮಗುವಿಗೆ ಬೆನ್ನು ನಿಲ್ಲಲಿ ಎಂದರು. ಅಣ್ಣ ಮೊದಮೊದಲು ಅಂಗಡಿಗೆ ರಜೆಯಿರುವ ದಿನ ಹೋಗಿಬರುತ್ತಿದ್ದ. ಆಮೇಲೆ ತಿಂಗಳಿಗೊಮ್ಮೆ. ಹೋದಾಗಲೆಲ್ಲ ಅಲ್ಲಿನ ಬೀದಿಯವರು ಮಗುವನ್ನೂ ಅವನನ್ನೂ ಒಟ್ಟಿಗೆ ನೋಡುತ್ತಾರೆ ಎಂದು ಒಮ್ಮೆ ನನ್ನ ಹತ್ತಿರ ಹೇಳಿದ. ಅವನು ಕೆಟ್ಟವನಲ್ಲ ಎಂದು ಬರೆಯಬೇಕೆನ್ನಿಸುತ್ತದೆ. ಇಷ್ಟು ವರ್ಷವೂ ನಾನು ಹಾಗೇ ಅಂದುಕೊಂಡು ಬಂದಿದ್ದೇನೆ. ಆದರೆ ಕೆಟ್ಟವನಲ್ಲದವನು ಕೂಡ ಹೋಗುವುದನ್ನು ನಿಲ್ಲಿಸಿದ. ನಾಲ್ಕು ವರ್ಷಕ್ಕೆ ಎರಡೂ ಕಡೆಯವರು ಒಪ್ಪಿ ಕೋರ್ಟಿನಲ್ಲಿ ಬಿಡುಗಡೆ ತೆಗೆದುಕೊಂಡರು. ಒಪ್ಪಿ ಎಂದರೆ, ಅತ್ತಿಗೆ ಒಂದು ಮಾತೂ ಆಡದೆ ಸಹಿ ಹಾಕಿದರು.

ಮರುವರ್ಷ ಕವಲಂದೆಯಿಂದ ಅಣ್ಣನಿಗೆ ಇನ್ನೊಂದು ಹೆಣ್ಣು ತಂದರು. ಗಂಡನನ್ನು ಕಳೆದುಕೊಂಡಿದ್ದ, ಮೆತ್ತಗಿನ ಮಾತಿನ ಹೆಂಗಸು. ವರ್ಷಕ್ಕೆ ಗಂಡುಮಗು ಹುಟ್ಟಿತು. ಎಲ್ಲ ಮಕ್ಕಳ ಹಾಗೆ ಕೈಕಾಲು ಉದ್ದವಿದ್ದ ಮಗು. ಅವ್ವ ಆಸ್ಪತ್ರೆಯಲ್ಲೇ ಅದರ ಕಾಲನ್ನು ನೀವಿ ನೀವಿ ನೋಡಿದಳು.

"ನೋಡ್ದಾ? ಈಗೇನಂತೀಯ? ಅದು ಅವಳ್ದೇ ದೋಷ."

ಒಂದಕ್ಷರ ಬದಲಾಗುವುದು ಪ್ರತಿ ಸಲವೂ ಅಪರೂಪವೇ, ಈ ಮಗು ಹೀಗೆ ಹುಟ್ಟಿದ್ದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಾಣಂತಿ ಕೇಳಿಸಿಕೊಳ್ಳುತ್ತಾಳೆ, ಈಗ ಬೇಡ ಎಂದುಕೊಂಡು ಸುಮ್ಮನಾದೆ. ಒಮ್ಮೆ ಸುಮ್ಮನಿದ್ದವಳಿಗೆ ಎರಡನೆಯ ಸಲ ಕಾರಣ ಹುಡುಕುವುದು ಕಷ್ಟವಲ್ಲ.

ಈ ನಡುವೆ ನಾನು ಅತಿಥಿ ಉಪನ್ಯಾಸಕಿಯಾಗಿ ಎರಡು ಮೂರು ಕಾಲೇಜು ಸುತ್ತಿದೆ. ಆಮೇಲೆ ಪದವಿಪೂರ್ವ ಕಾಲೇಜಿನಲ್ಲಿ ಖಾಯಂ ಕೆಲಸವಾಯಿತು. ಮೂರು ವರ್ಷದ ಕೆಳಗೆ ನರಸೀಪುರಕ್ಕೆ ವರ್ಗವಾಯಿತು. ದಿನಾ ನಂಜನಗೂಡಿನಿಂದ ಬಸ್ಸು. ಅತ್ತಿಗೆಯ ಮನೆ ಯಾವ ಬೀದಿಯಲ್ಲಿದೆ ಎಂದು ಗೊತ್ತಿದ್ದುದರಿಂದ ಆ ಬೀದಿ ಬಿಟ್ಟು ಓಡಾಡುತ್ತಿದ್ದೆ.

ಮರುವರ್ಷದ ಜೂನಿನಲ್ಲಿ ಮೊದಲ ಪಿಯುಸಿಯ ಹಾಜರಿ ಕೂಗುವಾಗ ಅಣ್ಣನ ಹೆಸರಿನ ಮೊದಲಕ್ಷರವೇ ಇನಿಷಿಯಲ್ ಆಗಿದ್ದ ಹೆಸರೊಂದು ಬಂತು. ಮುಂದಿನ ಬೆಂಚಿನಿಂದ "ಎಸ್ ಮೇಡಂ" ಎಂದಳು. ಎರಡು ವರ್ಷದವಳಿದ್ದಾಗ ಅಣ್ಣ ತೋರಿಸಿದ ಫೋಟೋದಲ್ಲಿ ನೋಡಿದ್ದ ಹಣೆ. ಅವಳಿಗೂ ನಾನು ಯಾರೆಂದು ಗೊತ್ತಿತ್ತು. ಆದರೂ ಎಂದೂ ಅತ್ತೆ ಎನ್ನಲಿಲ್ಲ. ಪ್ರಯೋಗಾಲಯದ ಮೇಜು ಅವಳ ಗಲ್ಲಕ್ಕೆ ಬರುತ್ತಿತ್ತು. ಮೊದಲ ದಿನವೇ ಅಟೆಂಡರಿಗೆ, "ಅಣ್ಣಾ, ಒಂದು ಗಿಡ್ಡ ಡೆಸ್ಕು ತಂದುಕೊಡಿ. ಮೈಕ್ರೋಸ್ಕೋಪು ನನ್ ಹತ್ರ ಬರಲ್ಲ, ನಾನೂ ಅದರ ಹತ್ರ ಹೋಗಕ್ಕಾಗಲ್ಲ" ಎಂದಳು. ಅವರು ನಗುತ್ತ ತಂದುಕೊಟ್ಟರು. ಅದನ್ನು ನಾನೇ ಹೇಳಿ ತರಿಸಿಡಬೇಕಿತ್ತು.

ಎರಡನೆಯ ಪಿಯುಸಿಯಲ್ಲಿ ಭ್ರೂಣದ ಪಾಠ ಬಂತು. ಎರಡನೆಯ ತಿಂಗಳ ಕೊನೆಗೆ ಕೈಕಾಲು, ಬೆರಳು ಮೂಡುತ್ತವೆ ಎಂದು ಪುಸ್ತಕದಲ್ಲಿ ಒಂದು ಸಾಲಿದೆ. ಅದನ್ನು ಓದಿ ಮುಂದಕ್ಕೆ ಹೋಗುವಷ್ಟರಲ್ಲಿ ಅವಳು ಕೈಯೆತ್ತಿದಳು.

"ಎಲ್ಲಿಗೆ ನಿಲ್ಲಬೇಕು ಅಂತ ಜೀವಕೋಶಕ್ಕೆ ಹೆಂಗೆ ಗೊತ್ತಾಗುತ್ತೆ ಮೇಡಂ?"

ಇಪ್ಪತ್ತು ವರ್ಷದಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ನಾನು ಮೈಮರೆತು ಹೇಳಿದೆ. ಬೆಳೆಯುವ ಸುದ್ದಿ ಹೊರಟ ಕಡೆಯೇ ಅದನ್ನು ತಡೆಯುವ ಪ್ರೋಟೀನುಗಳೂ ಹೊರಡುತ್ತವೆ. ಕೆಲವು ಗ್ರೋತ್ ಫ್ಯಾಕ್ಟರನ್ನು ದಾರಿಯಲ್ಲೇ ಹಿಡಿದು ಕಟ್ಟಿಹಾಕುತ್ತವೆ. ಸುದ್ದಿ ಒಳಗೆ ಮುಟ್ಟಿದ ಮೇಲೆ ಜೀವಕೋಶ ತನ್ನೊಳಗೇ ಇನ್ನೊಂದು ಪ್ರೋಟೀನು ಮಾಡಿಕೊಂಡು ಆ ಸುದ್ದಿಯನ್ನು ತಗ್ಗಿಸುತ್ತದೆ. ಕೇಳಿಸಿಕೊಂಡ ಗ್ರಾಹಕವನ್ನು ಒಳಗೆಳೆದು ಕರಗಿಸುತ್ತದೆ. ಒಂದೇ ಸುದ್ದಿ ಒಂದು ಜಾಗದಲ್ಲಿ ಬೆಳೆ ಎಂದರೆ ಇನ್ನೊಂದು ಜಾಗದಲ್ಲಿ ಸಾಕು ಎನ್ನುತ್ತದೆ. ಬೋರ್ಡಿನ ತುಂಬ ಚಿತ್ರ ಬರೆದೆ. ಮಕ್ಕಳು ಬರೆದುಕೊಳ್ಳುವುದನ್ನೂ ಬಿಟ್ಟು ಕೇಳಿದರು. ಗಂಟೆ ಹೊಡೆದಾಗ ನನಗೆ ಬೇಸರವಾಯಿತು.

ಎಲ್ಲರೂ ಹೋದ ಮೇಲೆ ಅವಳು ನಿಂತಿದ್ದಳು.

"ಮೇಡಂ, ಒಂದು ಕೇಳ್ಲಾ? ನನ್ನದು ಹೆಚ್ಚಾಗಿ ಅಪ್ಪನ ಕಡೆಯಿಂದ ಆಗೋದು ಅಂತ ಮೈಸೂರಲ್ಲಿ ಡಾಕ್ಟ್ರು ಹೇಳಿದ್ರು. ನೀವು ಇಷ್ಟೆಲ್ಲ ಓದಿದ್ದೀರ. ನಿಮಗೆ ಅದು ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಲು ಒಂದು ಕ್ಷಣ ಸಿಕ್ಕಿತ್ತು. ಹೇಳಲಿಲ್ಲ.

"ನೀನು ಒಂದೂವರೆ ತಿಂಗಳ ಕೂಸಾಗಿದ್ದಾಗ."

ಅವಳು ತಲೆಯಾಡಿಸಿದಳು. "ಅಮ್ಮಂಗೆ ಗೊತ್ತಾಗಿದ್ದು ನಂಗೆ ಆರು ವರ್ಷ ಆದ್ಮೇಲೆ. ಅಲ್ಲೀತಂಕ ಅವ್ಳು ಜ್ವರ ಬಂದ್ರೆ ಮಾತ್ರೆ ಮುಟ್ತಿರ್ಲಿಲ್ಲ. ಮೈ ಸುಡ್ತಿದ್ರೂ ಒದ್ದೆ ಬಟ್ಟೆ ಹಾಕ್ಕೊಂಡು ಮಲಗ್ತಿದ್ಲಂತೆ. ಅಜ್ಜಿ ಹೇಳೋರು." ಬ್ಯಾಗು ಹೆಗಲಿಗೇರಿಸಿಕೊಂಡು, "ಪಾಠ ಚೆನ್ನಾಗಿತ್ತು ಮೇಡಂ" ಎಂದು ಹೋದಳು.

ನಾಲ್ಕು ದಿನ ಎಂದಿನಂತೆ ಆ ಬೀದಿ ಬಿಟ್ಟೇ ಓಡಾಡಿದೆ. ಐದನೆಯ ದಿನ ಮಧ್ಯಾಹ್ನ ಅತ್ತಿಗೆಯ ಹೊಲಿಗೆ ಅಂಗಡಿ ಹುಡುಕಿಕೊಂಡು ಹೋದೆ. ಮಗಳ ಅಳತೆಯ ಬಟ್ಟೆ ಎಲ್ಲೂ ಸಿಗದೆ, ಕೊಂಡದ್ದನ್ನು ಕತ್ತರಿಸಿ ಹೊಲಿದು ಹೊಲಿದು ಅವರು ಕೆಲಸ ಕಲಿತಿದ್ದರು. ಈಗ ಊರಿನ ಎರಡು ಶಾಲೆಯ ಯೂನಿಫಾರಂ ಅವರಲ್ಲೇ ಹೊಲಿಯುವುದು. ನನ್ನನ್ನು ನೋಡಿದರು, ಮೆಷಿನ್ ನಿಲ್ಲಿಸಲಿಲ್ಲ. ಒಂದು ತೋಳು ಪೂರ್ತಿ ಹೊಲಿದು, ದಾರ ಕಡಿದು, ಆಮೇಲೆ ಸ್ಟೂಲು ಸರಿಸಿದರು.

ನಾನು ಎಲ್ಲ ಹೇಳಿದೆ. ಡಾಕ್ಟರು ಹೇಳಿದ್ದು, ನಾನು ಮುಚ್ಚಿಟ್ಟದ್ದು, ಯಾಕೆ ಮುಚ್ಚಿಟ್ಟೆ ಎನ್ನುವುದು. ಅವರು ಅಡ್ಡ ಮಾತಾಡದೆ ಕೇಳಿದರು.

"ಅವತ್ತು ಫೋನಲ್ಲಿ ನೀವು ಯೋಚ್ನೆ ಮಾಡ್ಬೇಡಿ ಅಂದ್ರಲ್ಲ, ನಾನು ಏನ್ ತಿಳ್ಕಂಡೆ ಗೊತ್ತಾ?" ಎಂದರು. "ಮಾತ್ರೆಯಿಂದ್ಲೇ ಆಗದೆ. ಅಕ್ಕ ಪಾಪ, ನನ್ ಮನ್ಸು ನೋಯ್ಬಾರ್ದು ಅಂತ ಬಾಯ್ಬಿಟ್ಟು ಹೇಳ್ತಿಲ್ಲ ಅಂತ. ಆ ಮನೇಲಿ ನೀವೊಬ್ರೇ ಒಳ್ಳೇವ್ರು ಅಂತ ಎಷ್ಟೋ ಜನದ ಹತ್ರ ಹೇಳಿದ್ದೀನಿ."

ಅವರು ಹೊಲಿದ ತೋಳನ್ನು ಮೇಜಿನ ಮೇಲಿಟ್ಟರು.

"ನಂಗೆ ಗೊತ್ತಿರೋದನ್ನ ಇಲ್ಲಿ ಬಂದು ಹೇಳಿದ್ರೆ ಏನ್ ಬಂತು? ಹೇಳ್ಬೇಕಾದ್ದು ನಂಜನಗೂಡಲ್ಲಿ."

"ಹೇಳ್ತೀನಿ ಅತ್ತಿಗೆ."

"ಹಂಗನ್ಬೇಡಿ," ಎಂದು ಮತ್ತೆ ಬಟ್ಟೆ ಎತ್ತಿಕೊಂಡರು. ಹೇಳ್ತೀನಿ ಎನ್ನಬೇಡಿ ಎಂದರೋ, ಅತ್ತಿಗೆ ಎನ್ನಬೇಡಿ ಎಂದರೋ ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಭಾನುವಾರ ಬೆಳಗ್ಗೆ ಅಣ್ಣನ ಮನೆಗೆ ಹೋದೆ. ಅವ್ವನಿಗೆ ಎಂಬತ್ತು ದಾಟಿದೆ, ಮಂಚದ ಮೇಲೇ ಇರುತ್ತಾಳೆ. ಕವಲಂದೆಯ ಅತ್ತಿಗೆ ನೆಲದಲ್ಲಿ ಕೂತು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅಣ್ಣ ಪೇಪರ್ ನೋಡುತ್ತಿದ್ದ. ನಿಂತುಕೊಂಡೇ ಹೇಳಿದೆ. ಕೂತರೆ ಹೇಳಲಾರೆ ಎನ್ನಿಸಿತ್ತು.

ಅವ್ವ ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿದಳು. "ಮುಗ್ದೋದ ಮಾತು. ಈಗ್ಯಾಕವ್ವ ಅದು? ನಾನು ಸಾಯೋ ಒತ್ನಲ್ಲಿ."

ಅಣ್ಣ ಪೇಪರನ್ನು ಮಡಿಸಿದ. ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟ.

"ಅವರ ಮನೇಲೂ ಏಳಿ ಬಂದ್ಯಾ?"

"ಹೂಂ."

"ನಂಗೆ ಅಷ್ಟು ವಯಸ್ಸಾಗಿದ್ದು ಯಾಕೆ ಅಂತ್ಲೂ ಏಳ್ದಾ?"

ಹೇಳಿದೆ ಎಂದೆ. ಅವನು ಎದ್ದು ಚಪ್ಪಲಿ ಮೆಟ್ಟಿ ಅಂಗಡಿಯ ಕಡೆ ಹೊರಟುಹೋದ. ಭಾನುವಾರ ಅಂಗಡಿ ತೆಗೆಯುವುದಿಲ್ಲ. ಆವತ್ತಿನಿಂದ ಅವನು ನನ್ನ ಜೊತೆ ಮಾತಾಡಿಲ್ಲ. ಹಬ್ಬಕ್ಕೆ ಕರೆದಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಓದಿಸಿದ್ದಕ್ಕೆ ನಾನು ಕೊಟ್ಟದ್ದು ಇದು ಎಂದು ಅವನಿಗೆ ಅನ್ನಿಸಿದರೆ ಅದೂ ನಿಜವೇ. ಹೇಳದೆ ಇದ್ದದ್ದೂ ಅವನಿಗಾಗಿ, ಹೇಳಿದ್ದೂ ಅವನ ಮುಂದೆ. ಎರಡರಲ್ಲೂ ಯಾರಿಗೂ ಒಳ್ಳೆಯದಾಗಲಿಲ್ಲ.

ಹೊರಡುವಾಗ ಕವಲಂದೆಯ ಅತ್ತಿಗೆ ಗೇಟಿನ ತನಕ ಬಂದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದರು.

"ನನ್ ಮಗ ಅಂಗೇ ಉಟ್ಟಿದ್ರೆ, ನನ್ನೂ ಕಳ್ಸಿಬಿಡ್ತಿದ್ರಾ?"

"ಕಳಿಸ್ತಿದ್ರು," ಎಂದೆ.

"ನೀವೂ ಸುಮ್ನಿರ್ತಿದ್ರಿ."

"ಹೂಂ."

ಅವರು ಗೇಟು ಹಾಕಿಕೊಂಡು ಒಳಗೆ ಹೋದರು.

ಪರೀಕ್ಷೆ ಮುಗಿದ ಮೇಲೆ ಅಣ್ಣನ ಮಗಳಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಕಾಲಿನ ಆಪರೇಷನ್ ಆಯಿತು. ಬಿಲ್ಲಿನ ಹಾಗೆ ಬಾಗುತ್ತಿದ್ದ ಮೊಣಕಾಲಿನ ಕೆಳಗಿನ ಮೂಳೆಯನ್ನು ನೇರ ಮಾಡುವುದಕ್ಕೆ. ಕಾಲೇಜಿನಲ್ಲಿ ಅವಳ ಗೆಳತಿಯೊಬ್ಬಳು ಹೇಳಿ ನನಗೆ ಗೊತ್ತಾಯಿತು. ಹೋಗಬಾರದು ಎಂದುಕೊಂಡೂ ಹೋದೆ. ಒಂದು ಸ್ಟೀಲ್ ಡಬ್ಬಿಯಲ್ಲಿ ರವೆಉಂಡೆ ಮಾಡಿಕೊಂಡು ಹೋಗಿದ್ದೆ.

ಎರಡೂ ಕಾಲಿಗೆ ಬಿಳಿಯ ಪಟ್ಟಿ ಸುತ್ತಿದ್ದರು. ದಿಂಬಿಗೊರಗಿ ಮೊಬೈಲ್ ನೋಡುತ್ತಿದ್ದಳು. ಯಾವ ಕಾಲೇಜಿಗೆ ಸೇರುತ್ತೀಯ ಎಂದೆ. ಕಾನೂನು ಓದುತ್ತೇನೆ ಎಂದಳು. ಬಯಾಲಜಿಯಲ್ಲಿ ಅವಳಿಗೇ ಕಾಲೇಜಿಗೆ ಹೆಚ್ಚು ಅಂಕ ಬಂದಿತ್ತು. ಆ ಮಾತು ಎತ್ತಿದೆ.

"ಅದು ಬೇಡ ಮೇಡಂ. ಗೊತ್ತಿರೋರು ಬಾಯಿ ಬಿಡೋ ಕೆಲ್ಸ ಯಾವ್ದಾದ್ರೂ ಇದ್ರೆ ಅದು ಬೇಕು," ಎಂದಳು. ಸಿಟ್ಟಿನಿಂದ ಹೇಳಲಿಲ್ಲ.

ಮೊಬೈಲ್ ಮಗುಚಿಟ್ಟು ಕೇಳಿದಳು. "ಅವ್ರಿಗೆ ಗೊತ್ತಾ, ನನಗೆ ಆಪರೇಷನ್ ಆಗಿದ್ದು?"

"ಅಣ್ಣಂಗೆ ಮೆಸೇಜ್ ಹಾಕಿದ್ದೆ. ನೋಡಿದ್ದಾನೆ."

"ಓ," ಎಂದು ಮತ್ತೆ ಮೊಬೈಲಿನ ಕಡೆ ತಿರುಗಿದಳು.

ಅತ್ತಿಗೆ ನನ್ನ ಡಬ್ಬಿ ತೆಗೆದುಕೊಂಡು ಹೊರಗೆ ಹೋದರು. ಬಂದಾಗ ಉಂಡೆಗಳನ್ನೆಲ್ಲ ಒಂದು ಪೇಪರ್ ತಟ್ಟೆಗೆ ಹಾಕಿದ್ದರು. ಡಬ್ಬಿಯನ್ನು ತೊಳೆದು ಒರೆಸಿ ತಂದಿದ್ದರು.

"ತಗೊಂಡೋಗಿ. ಆಮೇಲೆ ವಾಪಸ್ ಕೊಡೋಕೆ ಅಂತ ಎಲ್ಲಿ ಸಿಗ್ತೀವಿ."

ನಮ್ಮ ಕಡೆ ಡಬ್ಬಿಯನ್ನು ಖಾಲಿ ಕೊಡುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಬಸ್ಸು ಊರು ದಾಟಿದ ಮೇಲೆ ಮುಚ್ಚಳ ತೆಗೆದು ನೋಡಿದೆ. ಒಳಗೆ ಏನೂ ಇರಲಿಲ್ಲ.